ಒಂದೇ ಮನೆ, ಎರಡು ಬೆನ್ನು: ನರ್ವ್ ಬ್ಲಾಕ್ ಯಾರಿಗೆ ಬೇಕು?

ಪ್ರಶ್ನೆ: ಡಾಕ್ಟ್ರೇ, ನಾವು ಕಾಮಾಕ್ಷಿಪಾಳ್ಯದವರು. ನಮ್ಮ ಯಜಮಾನರಿಗೆ 46 ವರ್ಷ, ಆಟೋ ಓಡಿಸುತ್ತಾರೆ. ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾರೆ. ಏಳು ವಾರದಿಂದ ಸೊಂಟದಿಂದ ಹಿಡಿದು ಎಡಗಾಲಿನ ಹೆಬ್ಬೆರಳಿನವರೆಗೂ ಕರೆಂಟ್ ಹೊಡೆದ ಹಾಗೆ ನೋವು. ಕಾಲಿನ ಶಕ್ತಿ ಚೆನ್ನಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಎಂಆರ್‌ಐನಲ್ಲಿ ಎಲ್4–ಎಲ್5 ಡಿಸ್ಕ್ ನರವನ್ನು ಒತ್ತುತ್ತಿದೆ ಅಂತ ಬಂದಿದೆ. ಮಾತ್ರೆ, ಫಿಸಿಯೋಥೆರಪಿ ಎಲ್ಲಾ ಆಯಿತು. ಈಗ ‘ನರ್ವ್ ಬ್ಲಾಕ್’ ಮಾಡಿಸಿ ಅನ್ನುತ್ತಿದ್ದಾರೆ. ನರ ಸತ್ತುಹೋಗುತ್ತೆ, ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜೀವನಪೂರ್ತಿ ನೋವು ಅಂತ ನೆಂಟರು ಹೆದರಿಸುತ್ತಾರೆ. ಪಕ್ಕದ ಮನೆಯವರಿಗೆ ಮಾತ್ರ ನರ ಸುಟ್ಟ ಮೇಲೆ ನೋವು ಕಡಿಮೆಯಾಯಿತಂತೆ. ಅದನ್ನು ಕೇಳಿ 68 ವರ್ಷದ ನಮ್ಮ ಅತ್ತೆಯೂ ‘ನನಗೂ ಅದನ್ನೇ ಮಾಡಿಸಿ’ ಅಂತ ಹಟ ಹಿಡಿದಿದ್ದಾರೆ. ಅವರಿಗೆ ಐದು ನಿಮಿಷ ನಡೆದರೆ ಎರಡೂ ಕಾಲು ಭಾರವಾಗುತ್ತದೆ, ಕೂತರೆ ಸರಿಹೋಗುತ್ತದೆ. ರಿಪೋರ್ಟಿನಲ್ಲಿ ‘ಕೆನಾಲ್ ಸ್ಟೆನೋಸಿಸ್’ ಅಂತ ಇದೆ. ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಇಬ್ಬರಿಗೂ ಮಾಡಿಸಬಹುದಾ?

ಉತ್ತರ: ನೋಡದೆ ಹೇಳುವ ಮಾತಿಗೆ ಒಂದು ಮಿತಿ ಇದೆ ಅಮ್ಮಾ. ಆದರೂ ನೀವು ಬರೆದಿರುವುದನ್ನು ಓದಿದರೆ ನಿಮ್ಮ ಯಜಮಾನರಿಗೆ ಬ್ಲಾಕ್ ಮಾಡಿಸುವ ಯೋಚನೆ ಸರಿ ಅನ್ನಿಸುತ್ತದೆ. ಅತ್ತೆಯವರಿಗೆ ಬೇಡ ಅನ್ನಿಸುತ್ತದೆ. ಇಬ್ಬರದ್ದೂ ಸೊಂಟದ ತೊಂದರೆಯೇ, ಇಬ್ಬರ ಹತ್ತಿರವೂ ಎಂಆರ್‌ಐ ಇದೆ. ಹಾಗಿದ್ದೂ ಯಾಕೆ ಈ ವ್ಯತ್ಯಾಸ ಅಂತ ಹೇಳುತ್ತೇನೆ.

ಮೊದಲು ಆ ಹೆಸರಿನ ಗೊಂದಲ. ‘ಬ್ಲಾಕ್’ ಅಂದ ತಕ್ಷಣ ಫೋನಿನಲ್ಲಿ ನಂಬರ್ ಬ್ಲಾಕ್ ಮಾಡಿದ ಹಾಗೆ, ನರವನ್ನೇ ಮುಚ್ಚಿಬಿಡುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಸೂಜಿಯಲ್ಲಿ ಸಾಮಾನ್ಯವಾಗಿ ಎರಡು ಔಷಧಿ ಇರುತ್ತವೆ. ಒಂದು, ಮರಗಟ್ಟಿಸುವ ಔಷಧಿ. ಹಲ್ಲು ಕೀಳುವಾಗ ವಸಡಿಗೆ ಕೊಡುತ್ತಾರಲ್ಲ ಲಿಗ್ನೊಕೇನ್, ಅದೇ ಅಥವಾ ಅದರ ಜಾತಿಯದ್ದು. ಕೆಲವು ಗಂಟೆ ಕೆಲಸ ಮಾಡಿ ಇಳಿದುಹೋಗುತ್ತದೆ. ಇನ್ನೊಂದು ಸ್ಟೀರಾಯ್ಡ್. ಇದು ನರದ ಸುತ್ತ ಆಗಿರುವ ಊತವನ್ನು, ಉರಿಯನ್ನು ಇಳಿಸುತ್ತದೆ. ಎರಡೂ ಸೇರಿ ಕೆಲವೇ ಮಿಲಿಲೀಟರ್. ನರ ಅಲ್ಲೇ ಇರುತ್ತದೆ, ಜೀವಂತವಾಗಿಯೇ ಇರುತ್ತದೆ.

ಊತ ಯಾಕೆ ಬಂತು? ನಾನು ನನ್ನ ರೋಗಿಗಳಿಗೆ ಹೋಳಿಗೆ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಮೂಳೆಗಳ ನಡುವಿನ ಡಿಸ್ಕ್ ಒಂದು ದಪ್ಪ ಹೋಳಿಗೆ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಹರಿದರೆ ಹೂರಣ ಆಚೆ ಬರುತ್ತದೆ. ಪಕ್ಕದಲ್ಲೇ ಕಾಲಿಗೆ ಹೋಗುವ ನರದ ಬೇರು ಇರುತ್ತದೆ. ಎಲ್4–ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಜಾಗದಲ್ಲಿ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಎಲ್5 ನರ. ಅದು ಮೊಣಕಾಲಿನ ಕೆಳಗೆ ಹೊರಬದಿಯಿಂದ ಇಳಿದು ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿನ ಕಡೆಗೆ ಹೋಗುತ್ತದೆ. ನಿಮ್ಮ ಯಜಮಾನರು ತೋರಿಸುತ್ತಿರುವ ದಾರಿಯೂ ಇದೇ. ಅಂದರೆ ಫಿಲ್ಮ್ ಹೇಳುವುದೂ ಕಾಲು ಹೇಳುವುದೂ ಒಂದೇ.

‘ನರ ಒತ್ತಿದೆ’ ಅನ್ನುವುದು ಅರ್ಧ ಕಥೆ ಮಾತ್ರ. ಆಚೆ ಬಂದ ಹೂರಣದಲ್ಲಿ ನರವನ್ನು ಕೆರಳಿಸುವ ರಾಸಾಯನಿಕಗಳಿವೆ. ಒತ್ತಡ ಸ್ವಲ್ಪವೇ ಇದ್ದರೂ ನರ ಕೆಂಡದ ಹಾಗೆ ಉರಿಯುವುದು ಇದರಿಂದ. ಸ್ಟೀರಾಯ್ಡ್ ಕೆಲಸ ಮಾಡುವುದೂ ಈ ಉರಿಯ ಮೇಲೆಯೇ. ಅದು ಡಿಸ್ಕನ್ನು ಒಳಗೆ ತಳ್ಳುವುದಿಲ್ಲ, ಹರಿದ ಕಣಕವನ್ನು ಹೊಲಿಯುವುದೂ ಇಲ್ಲ. ಆ ಕೆಲಸ ದೇಹದ್ದು. ಆಚೆ ಬಂದ ತುಣುಕನ್ನು ದೇಹವೇ ವಾರಗಟ್ಟಲೆ, ತಿಂಗಳುಗಟ್ಟಲೆ ಕರಗಿಸುತ್ತಾ ಬರುತ್ತದೆ. ಎಷ್ಟೋ ಸಲ ದೊಡ್ಡ ತುಣುಕೇ ಚೆನ್ನಾಗಿ ಕರಗುತ್ತದೆ. ಅಲ್ಲಿಯವರೆಗೆ ಮನುಷ್ಯ ನಿದ್ದೆ ಮಾಡಬೇಕು, ನಡೆಯಬೇಕು, ನಾಲ್ಕು ಕಾಸು ದುಡಿಯಬೇಕು ಅಲ್ವಾ? ಬ್ಲಾಕ್ ಕೊಡುವುದು ಆ ಸಮಯವನ್ನು.

ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಸಯಾಟಿಕಾ, ಅಂದರೆ ಹೀಗೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿಗೆ, ಬೆನ್ನಿನ ಬುಡದಿಂದ ಎಪಿಡ್ಯೂರಲ್ ಸೂಜಿ (ನರಗಳ ಹೊದಿಕೆಯ ಹೊರಗಿನ ಜಾಗಕ್ಕೆ ಔಷಧಿ ಬಿಡುವುದು, ನಿಮ್ಮ ಯಜಮಾನರ ಬ್ಲಾಕ್ ಕೂಡ ಇದೇ ಜಾತಿ) ಹಾಕುವುದನ್ನು 1901ರಲ್ಲೇ ಪ್ಯಾರಿಸ್‌ನಲ್ಲಿ ಸಿಕಾರ್ ಅನ್ನುವ ವೈದ್ಯರು ವರದಿ ಮಾಡಿದ್ದರು. ಆಗ ಕೊಡುತ್ತಿದ್ದದ್ದು ಕೊಕೇನ್. ಡಿಸ್ಕ್ ಆಚೆ ಬಂದು ಸಯಾಟಿಕಾ ಬರುತ್ತದೆ ಅಂತ ಬಾಸ್ಟನ್‌ನ ಮಿಕ್ಸ್‌ಟರ್ ಮತ್ತು ಬಾರ್ ತೋರಿಸಿಕೊಟ್ಟದ್ದು 1934ರಲ್ಲಿ. ಸ್ಟೀರಾಯ್ಡ್ ಸೇರಿದ್ದು 1950ರ ದಶಕದಲ್ಲಿ. ಕಾರಣ ತಿಳಿಯುವ 33 ವರ್ಷ ಮೊದಲೇ ಸೂಜಿ ಬಂದಿತ್ತು!

ಇನ್ನು ‘ನರ ಸುಟ್ಟರು’ ಅನ್ನುವ ಮಾತು. ಪಕ್ಕದ ಮನೆಯವರಿಗೆ ಮಾಡಿರುವುದು ಬಹುಶಃ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆ. ಅದು ಬೇರೆ ರೋಗಕ್ಕೆ, ಬೇರೆ ನರಕ್ಕೆ. ಬೆನ್ನುಮೂಳೆಯ ಹಿಂಬದಿಯಲ್ಲಿ ‘ಫೆಸೆಟ್’ ಅನ್ನುವ ಚಿಕ್ಕ ಕೀಲುಗಳಿವೆ. ಅವು ಸವೆದರೆ ಸೊಂಟದಲ್ಲೇ ನೋವು ಕೂರುತ್ತದೆ, ಹೆಚ್ಚೆಂದರೆ ತೊಡೆಯವರೆಗೆ ಬರುತ್ತದೆ. ಆ ಕೀಲಿನಿಂದ ನೋವಿನ ಸುದ್ದಿ ಒಯ್ಯುವ ಕೂದಲೆಳೆಯಂಥ ನರವಿದೆ. ಮೊದಲು ಅದಕ್ಕೆ ಮರಗಟ್ಟಿಸುವ ಔಷಧಿ ಕೊಟ್ಟು ನೋಡುತ್ತಾರೆ. ಆ ಕೆಲವು ಗಂಟೆ ನೋವು ಚೆನ್ನಾಗಿ ಇಳಿದರೆ ಮಾತ್ರ ಮುಂದಿನ ಹೆಜ್ಜೆ, ಸೂಜಿಯ ತುದಿಯಲ್ಲಿ ಸುಮಾರು 80 ಡಿಗ್ರಿ ಶಾಖ ಕೊಡುವುದು. ಅದೂ ಶಾಶ್ವತವಲ್ಲ. ಆರು ತಿಂಗಳು, ಒಂದು ವರ್ಷ ಆದಮೇಲೆ ಆ ನರ ಮತ್ತೆ ಬೆಳೆಯುತ್ತದೆ. ಕಾಲಿಗೆ ಶಕ್ತಿ ಕೊಡುವ ನರಕ್ಕೆ ಹೀಗೆ ಶಾಖ ಕೊಡುವುದಿಲ್ಲ. ನಿಮ್ಮ ಯಜಮಾನರದ್ದು ಕಾಲಿನ ನರ. ಹಾಗಾಗಿ ಅವರ ವಿಷಯದಲ್ಲಿ ಸುಡುವ ಮಾತೇ ಬರುವುದಿಲ್ಲ. ಪಕ್ಕದ ಮನೆಯ ಸುದ್ದಿಯೂ ನೆಂಟರ ಹೆದರಿಕೆಯೂ ಸೇರಿ ಸುಮ್ನೆ ಒಂದು ಭೂತ ಹುಟ್ಟಿಕೊಂಡಿದೆ, ಅಷ್ಟೇ.

‘ಬೆನ್ನಿಗೆ ಸೂಜಿ, ಜೀವನಪೂರ್ತಿ ನೋವು’ ಅನ್ನುವುದು ಬಾಣಂತಿ ಕೋಣೆಯಿಂದ ಬಂದ ಮಾತು. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಅವತ್ತಿನಿಂದ ಸೊಂಟ ನೋವು ಅಂತ ಎಷ್ಟು ಹೆಂಗಸರು ನನ್ನ ಮುಂದೆ ಹೇಳಿದ್ದಾರೋ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ನೋವಿಗೆ ಕಾರಣ ಬೇರೆ ಇರುತ್ತವೆ. ಬಸುರಿನಲ್ಲಿ ಸಡಿಲವಾದ ಕಟ್ಟು, ಮಗುವನ್ನು ಬಗ್ಗಿ ಎತ್ತುವುದು, ಕೂತು ಹಾಲು ಕೊಡುವ ಭಂಗಿ, ನಿದ್ದೆಗೇಡು. ಸಹಜ ಹೆರಿಗೆ ಆದವರಿಗೂ ಸೊಂಟ ನೋವು ಬರುತ್ತದೆ, ಅವರಿಗೆ ದೂರಲು ಸೂಜಿ ಇರುವುದಿಲ್ಲ.

ಈಗ ನಿಮ್ಮ ಯಜಮಾನರ ವಿಷಯಕ್ಕೆ ಬರೋಣ. ಬ್ಲಾಕ್ ಚೆನ್ನಾಗಿ ಒಗ್ಗುವುದು ಸೊಂಟಕ್ಕಿಂತ ಕಾಲು ಜಾಸ್ತಿ ನೋಯುವವರಿಗೆ, ನೋವು ಶುರುವಾಗಿ ವಾರಗಳಷ್ಟೇ ಆಗಿರುವವರಿಗೆ, ನೋವಿನ ದಾರಿಯೂ ಎಂಆರ್‌ಐಯೂ ತಾಳೆಯಾಗುವವರಿಗೆ. ಬರೀ ಎಂಆರ್‌ಐ ನೋಡಿ ಸೂಜಿ ಹಾಕಿಸಬೇಡಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲೇ ಶೇ 37 ಜನರ ಡಿಸ್ಕ್ ಸವೆದಿತ್ತು. 80ರವರಲ್ಲಿ ಶೇ 96. ಅಂದರೆ ಡಿಸ್ಕ್ ಸವೆತ ತಲೆಕೂದಲು ನರೆತ ಹಾಗೆ. ರಿಪೋರ್ಟಿನಲ್ಲಿ ಅರ್ಧ ಪುಟ ತುಂಬಿದೆ ಅಂತ ಗಾಬರಿಯಾಗಬೇಕಿಲ್ಲ.

ಇದರಲ್ಲಿ ನಾನೂ ಎಡವಿದ್ದೇನೆ. ಕೆಲಸ ಶುರುಮಾಡಿದ ಹೊಸದರಲ್ಲಿ ಒಬ್ಬ ಹಿರಿಯರು ಬಂದಿದ್ದರು. ಸೊಂಟ, ತೊಡೆ ನೋವು. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿತ್ತು. ಬ್ಲಾಕ್ ಕೊಟ್ಟೆ, ಏನೂ ಆಗಲಿಲ್ಲ. ಮತ್ತೆ ಬಂದಾಗ ಅವರ ಹೆಂಡತಿ ಸುಮ್ನೆ ಮಾತಿಗೆ ಹೇಳಿದರು: “ಇವರಿಗೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋಕೇ ಆಗಲ್ಲ ಡಾಕ್ಟ್ರೇ, ಕಾಲುಗುರು ನಾನೇ ಕತ್ತರಿಸಬೇಕು.” ಆಗ ನನ್ನ ತಲೆಗೆ ಹೊಳೆಯಿತು. ಮಲಗಿಸಿ ಕಾಲು ಮಡಚಿ ತಿರುಗಿಸಿದೆ. ಸವೆದಿದ್ದದ್ದು ಸೊಂಟದ ಕೆಳಗಿನ ತೊಡೆಕೀಲು. ಮೊದಲ ದಿನವೇ ಎರಡು ನಿಮಿಷ ಕಾಲು ತಿರುಗಿಸಿ ನೋಡಿದ್ದರೆ ಅವರಿಗೆ ಆ ಸೂಜಿ ತಪ್ಪುತ್ತಿತ್ತು. ಅದಕ್ಕೇ ಹೇಳುವುದು, ಬಟ್ಟೆ ಸರಿಸಿ ಮುಟ್ಟಿ, ಕಾಲು ಎತ್ತಿಸಿ, ಹಿಮ್ಮಡಿಯ ಮೇಲೆ ನಡೆಸಿ ನೋಡದೆ ಇಂಜೆಕ್ಷನ್ ತಾರೀಕು ಕೊಡುವ ಕಡೆ ಒಪ್ಪಬೇಡಿ.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು? ನಿಜ ಹೇಳುತ್ತೇನೆ. ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರೆ ಸಯಾಟಿಕಾಗೆ ಎಪಿಡ್ಯೂರಲ್ ಸ್ಟೀರಾಯ್ಡ್ ಕೊಡುವ ಲಾಭ ಸರಾಸರಿಯಲ್ಲಿ ಚಿಕ್ಕದು, ಕೆಲವು ವಾರಗಳದ್ದು. ಸರಾಸರಿ ಅಂದರೆ ಕೆಲವರಿಗೆ ತುಂಬಾ ಚೆನ್ನಾಗಿ ಹಿಡಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ವೈದ್ಯರ ನಡುವೆಯೂ ಇದರಲ್ಲಿ ಜಗಳ ಇದೆ. ಮೂರು ತಿಂಗಳು ದಾಟಿದ ಬೆನ್ನುನೋವಿಗೆ ಇಂಥ ಇಂಜೆಕ್ಷನ್‌ಗಳು ಬೇಡ, ಕಾಲಿಗೆ ಇಳಿಯುವ ನೋವಿಗೂ ಬೇಡ ಅಂತ 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳಿತು. ನೋವು ಚಿಕಿತ್ಸಕರ ಸಂಘಗಳು ಅದನ್ನು ಒಪ್ಪಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿ, ಹೊಸದಾಗಿ ಬಂದ ತೀವ್ರ ಸಯಾಟಿಕಾಗೆ ಎಪಿಡ್ಯೂರಲ್ ಯೋಚಿಸಬಹುದು ಅನ್ನುತ್ತದೆ. ಸಯಾಟಿಕಾ ಇಲ್ಲದ ಬರೀ ಸೊಂಟ ನೋವಿಗೆ ಬೆನ್ನಿನ ಇಂಜೆಕ್ಷನ್ ಬೇಡ ಅನ್ನುತ್ತದೆ. ನಾನೇ ಇಂಜೆಕ್ಷನ್ ಕೊಡುವವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ತಗೊಳ್ಳಿ. ಆದರೂ ಏಳು ವಾರದ, ಬೆರಳಿನವರೆಗೆ ಇಳಿಯುವ ನೋವಿಗೆ ಒಂದು ಸಲ ಪ್ರಯತ್ನ ಮಾಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ.

ಆಪರೇಷನ್ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ನಿಮ್ಮ ಯಜಮಾನರಂಥವರ ಮೇಲೆಯೇ, ಆರರಿಂದ ಹನ್ನೆರಡು ವಾರದ ತೀವ್ರ ಸಯಾಟಿಕಾ ಇದ್ದ 283 ಜನರ ಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಅಧ್ಯಯನ ನಡೆಯಿತು. 2007ರಲ್ಲಿ ಪ್ರಕಟವಾಯಿತು. ಬೇಗ ಆಪರೇಷನ್ ಮಾಡಿಸಿಕೊಂಡವರ ಕಾಲುನೋವು ಬೇಗ ಹೋಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು. ಕಾಯುವ ಗುಂಪಿನಲ್ಲಿ ಶೇ 39 ಜನ ನೋವು ತಡೆಯಲಾರದೆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದೂ ಸತ್ಯ. ಅಂದರೆ ಕಾದರೆ ಕೆಡುವುದೇನಿಲ್ಲ, ಕಾಯುವುದು ಕಷ್ಟ ಅಷ್ಟೇ. ಶಕ್ತಿ ಚೆನ್ನಾಗಿರುವವರೆಗೆ ಈ ಮಾತು.

ಅವತ್ತು ಏನಾಗುತ್ತದೆ ಅಂತ ಹೇಳಿದರೆ ಅರ್ಧ ಭಯ ಹೋಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಬೋರಲು ಮಲಗಿಸುತ್ತಾರೆ. ಹೊಟ್ಟೆಯ ಕೆಳಗೆ ದಿಂಬು. ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರ ಮೇಲೆ ಬರುತ್ತದೆ. ಚರ್ಮ ಮರಗಟ್ಟಿಸುವಾಗ ಕಟ್ಟಿರುವೆ ಕಚ್ಚಿದ ಹಾಗೆ ಆಗುತ್ತದೆ. ಆಮೇಲೆ ಉದ್ದದ ತೆಳು ಸೂಜಿಯನ್ನು ಪರದೆಯ ಮೇಲೆ ನೋಡಿಕೊಂಡು, ನರ ಆಚೆ ಬರುವ ಕಿಂಡಿಯ ಹತ್ತಿರ ತರುತ್ತಾರೆ. ಮೊದಲು ಸ್ವಲ್ಪ ಡೈ ಬಿಡುತ್ತಾರೆ. ಅದು ನರದ ಗುಂಟ ಹರಿದರೆ ಜಾಗ ಸರಿ, ರಕ್ತನಾಳದಲ್ಲಿ ಹರಿದರೆ ಸೂಜಿ ಸರಿಸಬೇಕು. ಎಕ್ಸ್‌ರೇ ಪರದೆಯಾಗಲಿ ಡೈ ಆಗಲಿ ಇಲ್ಲದೆ ಈ ಜಾಗಕ್ಕೆ ಕೈಯಂದಾಜಿನಲ್ಲಿ ಹಾಕುವುದು ಬೇಡವೇ ಬೇಡ. ಔಷಧಿ ಬಿಡುವಾಗ ಕಾಲಿನಲ್ಲಿ ಅದೇ ಹಳೆಯ ನೋವು ಒಂದು ಕ್ಷಣ ಜೋರಾಗಿ ಮಿಂಚಬಹುದು. ಒಟ್ಟು ಇಪ್ಪತ್ತು ಮೂವತ್ತು ನಿಮಿಷ. ಒಂದೆರಡು ಗಂಟೆ ನೋಡಿಕೊಂಡು ಅವತ್ತೇ ಮನೆಗೆ ಕಳಿಸುತ್ತಾರೆ. ಕಾಲು ಸ್ವಲ್ಪ ಹೊತ್ತು ಜೋಮು ಹಿಡಿದ ಹಾಗೆ ಇರಬಹುದು, ಹಾಗಾಗಿ ಅವರೇ ಆಟೋ ಓಡಿಸಿಕೊಂಡು ಬರುವ ಸಾಹಸ ಬೇಡ. ಇನ್ನೊಬ್ಬರ ಆಟೋದಲ್ಲಿ ಹಿಂದಿನ ಸೀಟಿನಲ್ಲಿ ಕೂರಲಿ, ಒಂದು ದಿನ.

ಆಮೇಲಿನ ಎರಡು ಮೂರು ದಿನ ಮನೆಯವರಿಗೆ ಗೊಂದಲ. ಸಂಜೆ ಪೂರ್ತಿ ಹಾಯಾಗಿರುತ್ತಾರೆ. ಮರುದಿನ ನೋವು ವಾಪಸ್. ‘ದುಡ್ಡು ನೀರುಪಾಲು’ ಅಂತ ಫೋನ್ ಬರುತ್ತದೆ. ಇಳಿದದ್ದು ಮರಗಟ್ಟಿಸುವ ಔಷಧಿ ಮಾತ್ರ. ಸ್ಟೀರಾಯ್ಡ್ ಹಿಡಿಯಲು ಎರಡು ದಿನದಿಂದ ಒಂದು ವಾರ ಬೇಕು. ಮೊದಲ ಕೆಲವು ಗಂಟೆ ನೋವು ಹತ್ತರಲ್ಲಿ ಎಷ್ಟಕ್ಕೆ ಇಳಿಯಿತು ಅಂತ ಬರೆದಿಡಿ. ಆ ಒಂದು ಸಂಖ್ಯೆಯಿಂದ ನೋವಿನ ಮೂಲ ಅದೇ ನರ ಹೌದೋ ಅಲ್ಲವೋ ಅಂತ ನಮಗೆ ಸುಳಿವು ಸಿಗುತ್ತದೆ.

ಶುಗರ್ ಇರುವವರು ಇದನ್ನು ಎರಡು ಸಲ ಓದಿ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಕೆಲವು ದಿನ, ಕೆಲವರಿಗೆ ಒಂದು ವಾರ. ಮೊದಲೇ ಏರುಪೇರಾಗಿದ್ದರೆ ಸೋಂಕಿನ ಭಯವೂ ಜಾಸ್ತಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿ, ಶುಗರ್ ಡಾಕ್ಟರಿಗೆ ತಾರೀಕು ತಿಳಿಸಿ. ಇಂಜೆಕ್ಷನ್ ಆದಮೇಲೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿ. ಮುಖ ಕೆಂಪಾಗುವುದು, ಒಂದೆರಡು ರಾತ್ರಿ ನಿದ್ದೆ ಬಾರದಿರುವುದು ಕೂಡ ಸ್ಟೀರಾಯ್ಡಿನದೇ ಕೆಲಸ, ಹೋಗುತ್ತದೆ. ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಇಳಿದರೆ ಆಸ್ಪತ್ರೆಗೆ ಫೋನ್ ಮಾಡಿ. ಸೋಂಕು, ಒಳಗೆ ರಕ್ತ ಕಟ್ಟುವುದು, ನರಕ್ಕೆ ಏಟು ಇವು ಅಪರೂಪ. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿದೆ.

ಮೂರು ಇಂಜೆಕ್ಷನ್‌ಗೆ ಇಷ್ಟು ಅಂತ ಮೊದಲೇ ಪ್ಯಾಕೇಜ್ ಹೇಳಿದರೆ ಒಪ್ಪಬೇಡಿ. ಒಂದು ಹಾಕಿ, ಎರಡು ಮೂರು ವಾರ ನೋಡಿ, ಫಲ ಸಿಕ್ಕಿ ಮತ್ತೆ ನೋವು ಬಂದರೆ ಇನ್ನೊಂದರ ಮಾತು. ಮೊದಲನೆಯದು ಸ್ವಲ್ಪವೂ ತಾಗದಿದ್ದರೆ ಅದೇ ಜಾಗಕ್ಕೆ ಅದನ್ನೇ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಖರ್ಚನ್ನು ಬರಹದಲ್ಲಿ ಕೇಳಿ. ಥಿಯೇಟರ್, ಸಿ-ಆರ್ಮ್, ಔಷಧಿ, ಒಂದು ದಿನದ ಹಾಸಿಗೆ ಎಲ್ಲಾ ಸೇರಿಸಿ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ನಮ್ಮ ಊರಿನಲ್ಲಿ ಸರ್ಕಾರದ ಕಡೆಯೂ ದಾರಿಯಿದೆ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗದ ಹೊರರೋಗಿ ಚೀಟಿ ಮಾಡಿಸಿ ತೋರಿಸಬಹುದು. ಬೆಳಗ್ಗೆ ಬೇಗ ಹೋಗಿ, ಕ್ಯೂ ಇರುತ್ತದೆ.

ಈಗ ಅತ್ತೆಯವರು. ಅವರ ಬೆನ್ನಿನಲ್ಲಿ ಹೂರಣ ಚೆಲ್ಲಿದ ಕಥೆಯಲ್ಲ. ನರಗಳ ಕಟ್ಟು ಹಾದುಹೋಗುವ ಕೊಳವೆಯೇ ಕಿರಿದಾಗಿದೆ, ‘ಕೆನಾಲ್ ಸ್ಟೆನೋಸಿಸ್’ ಅಂದರೆ ಇದೇ. ಸುತ್ತಲಿನ ಮೂಳೆ ಬೆಳೆದು, ಕಟ್ಟುಗಳು ದಪ್ಪವಾಗಿ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ. ನಿಂತರೆ, ನಡೆದರೆ ಇನ್ನೂ ಕಿರಿದಾಗುತ್ತದೆ. ಬಗ್ಗಿದರೆ, ಕೂತರೆ ಅಗಲವಾಗುತ್ತದೆ. ಅದಕ್ಕೇ ಅವರಿಗೆ ಜಗಲಿ ಕಂಡರೆ ಸಾಕು. ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯ ಮೇಲೆ ಬಗ್ಗಿಕೊಂಡು ಎಷ್ಟು ಹೊತ್ತಾದರೂ ಓಡಾಡುತ್ತಾರಾ ನೋಡಿ. ಓಡಾಡಿದರೆ ಲಕ್ಷಣ ಇನ್ನಷ್ಟು ಖಚಿತ. ಬೆಳೆದ ಮೂಳೆಯನ್ನು ಸ್ಟೀರಾಯ್ಡ್ ಕರಗಿಸುವುದಿಲ್ಲ. 2014ರಲ್ಲಿ ಅಮೆರಿಕದಲ್ಲಿ ಇಂಥದ್ದೇ ತೊಂದರೆಯ 400 ಜನರಿಗೆ, ಅರ್ಧ ಜನಕ್ಕೆ ಸ್ಟೀರಾಯ್ಡ್ ಸೇರಿಸಿ, ಇನ್ನರ್ಧಕ್ಕೆ ಬರೀ ಮರಗಟ್ಟಿಸುವ ಔಷಧಿ ಕೊಟ್ಟರು. ಆರು ವಾರದಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೈಸ್ ಕೂಡ ಇವರಿಗೆ ಎಪಿಡ್ಯೂರಲ್ ಬೇಡ ಅನ್ನುತ್ತದೆ.

ಅದಕ್ಕಿಂತ ದೊಡ್ಡ ಮಾತು ಸ್ಟೆಂಟ್. ಎಂಟೇ ತಿಂಗಳಾಗಿದೆ ಅಂದರೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಥರದ ರಕ್ತ ತೆಳುವಾಗಿಸುವ ಮಾತ್ರೆಯೂ ಇರಬಹುದು. ಬೆನ್ನಿಗೆ ಸೂಜಿ ಹಾಕಬೇಕಾದರೆ ಕ್ಲೊಪಿಡೊಗ್ರೆಲನ್ನು ಸಾಮಾನ್ಯವಾಗಿ ಏಳು ದಿನ ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗೆ ರಕ್ತ ಕಟ್ಟಿ ನರಗಳನ್ನು ಅಮುಕಬಹುದು. ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಸಿಗುವುದೇ ಅನುಮಾನವಾದ ಲಾಭಕ್ಕೆ ಹೃದಯವನ್ನು ಪಣಕ್ಕಿಡುವುದು ಬೇಡ. ಹೃದಯದ ಡಾಕ್ಟರ್ ಹೇಳದೆ ಒಂದು ಮಾತ್ರೆಯನ್ನೂ ಅವರು ಬಿಡಬಾರದು. ಪಾದದ ನಾಡಿ ಮುಟ್ಟಿ ನೋಡುವಂತೆ ಕೇಳಿ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಕಾಲಿನದೂ ಕಟ್ಟಿರಬಹುದು, ಆಗಲೂ ನಡೆದರೆ ಕಾಲು ಹಿಡಿಯುತ್ತದೆ. ಆದರೆ ಅದು ಸುಮ್ನೆ ನಿಂತರೂ ಹೋಗುತ್ತದೆ, ಕೂರಲೇಬೇಕು ಅಂತಿಲ್ಲ. ನರದ ತೊಂದರೆಯೇ ಆದರೆ ಬಗ್ಗುವ ಕಡೆಯ ವ್ಯಾಯಾಮ, ಕೂತು ತುಳಿಯುವ ಸೈಕಲ್, ಮಧ್ಯೆ ಮಧ್ಯೆ ಕೂತು ನಡೆಯುವುದು. ನಡೆಯುವ ದೂರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಬಂದರೆ, ಕೊಳವೆ ಅಗಲ ಮಾಡುವ ಆಪರೇಷನ್ ಬಗ್ಗೆ ಹೃದಯದವರನ್ನೂ ಸೇರಿಸಿಕೊಂಡು ಮಾತಾಡಬೇಕು.

ಇಬ್ಬರಲ್ಲಿ ಯಾರಿಗಾದರೂ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ ಬ್ಲಾಕ್, ಕಾಯುವುದು ಎಲ್ಲಾ ಬಿಟ್ಟು ಅದೇ ದಿನ, ರಾತ್ರಿಯಾದರೂ ಸರಿ, ಬೆನ್ನಿನ ಆಪರೇಷನ್ ಮಾಡುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಹೇಳಿ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ, ಅಲ್ಲಿ ಸ್ಟೀರಾಯ್ಡ್ ಹಾಕಿದರೆ ಅನಾಹುತ.

ಬ್ಲಾಕ್ ಹಿಡಿದು ನೋವು ಇಳಿದರೆ ಯಜಮಾನರು ಮರುದಿನವೇ ಹನ್ನೆರಡು ಗಂಟೆ ಓಡಿಸಲು ಹೊರಡುತ್ತಾರೆ, ನನಗೆ ಗೊತ್ತು. ಸಾಲದ ಕಂತು ಕಾಯುವುದಿಲ್ಲ. ಆದರೂ ಮೊದಲ ವಾರ ಬೆಳಗ್ಗೆ ಅರ್ಧ ಗಂಟೆ ನಡಿಗೆ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ. ಎರಡನೇ ವಾರದಿಂದ ಹತ್ತಿರದ ಬಾಡಿಗೆ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ. ಗ್ಯಾಸ್ ಬಂಕಿನ ಕ್ಯೂನಲ್ಲಿ ಸೀಟಿನಲ್ಲೇ ಕೂರಬಾರದು. ಸೊಂಟದ ಹಿಂದೆ ಟವೆಲ್ ಸುರುಳಿ ಇಡಲಿ. ಹಿಂದೆ ಕೂತವರ ಜೊತೆ ಮಾತಾಡಲು ಸೊಂಟ ತಿರುಚುವುದು ಬೇಡ, ಕನ್ನಡಿಯಲ್ಲಿ ಮುಖ ಕಾಣುತ್ತದಲ್ಲ. ಮತ್ತೆ, ಕಾಕಿ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಡಿಎಲ್, ಚಿಲ್ಲರೆ, ಆರ್‌ಸಿ ಕಾಪಿ ತುಂಬಿದ ದಪ್ಪ ಪರ್ಸ್ ಇರುತ್ತದೆ ನೋಡಿ, ಅದನ್ನು ಇವತ್ತೇ ತೆಗೆಸಿ ಡ್ಯಾಶ್‌ಬೋರ್ಡಿಗೆ ಹಾಕಿಸಿ.